ಖಾಲಿ ಲಾರಿ

ಶಿವಮೊಗ್ಗದಲ್ಲಿ ಪುಟ್ಟೋಜಿರಾಯರೆಂದರೆ
ಇವತ್ತಿಗೂ ‘ಗುಲಾಬಿ ರಿಬ್ಬನ್ನು’.
ಆರ್ಕೆಸ್ಟ್ರಾದವರು ಎರಡನೇ ಪಂಕ್ತಿಗೆ ಅದನ್ನೇ ಎತ್ತುತ್ತಾರೆ,
ಜನ ಸಾರು ಕಲಸುತ್ತಲೇ ತಲೆದೂಗುತ್ತಾರೆ.
ನನಗೂ ಇಷ್ಟವೇ, ಅದರ ಮೇಲೆ ಜಗಳವಿಲ್ಲ.

ಅರವತ್ತೆರಡಕ್ಕೆ ಅವರು ಮಾಡಿದ ‘ಖಾಲಿ ಲಾರಿ’
ಯಾರ ಬಾಯಲ್ಲೂ ಇಲ್ಲ.
ಒಂಬತ್ತು ಹಾಡು, ಎರಡು ಗಿಟಾರು, ಡ್ರಮ್ಮು,
ರಟ್ಟಿನ ಕವರಿನ ಮೇಲೆ ಅವರದೇ ಚಪ್ಪಲಿಯ ಫೋಟೊ.
ನೆಹರೂ ರಸ್ತೆಯ ಕ್ಯಾಸೆಟ್ ಅಂಗಡಿ ಮುಚ್ಚುವ ವಾರ
ಇಪ್ಪತ್ತು ರೂಪಾಯಿ ಅಂದರು. ಐವತ್ತು ಕೊಟ್ಟೆ.
ಚಿಲ್ಲರೆಯಿಲ್ಲವೆಂದು ಇನ್ನೊಂದು ಪ್ರತಿ ಕೈಗಿಟ್ಟರು.

ನಾನು ಬಿ.ಎಚ್. ರಸ್ತೆಯ ವೇಬ್ರಿಡ್ಜಿನಲ್ಲಿ ರಾತ್ರಿ ಪಾಳಿ.
ಲಾರಿ ಹತ್ತುತ್ತದೆ, ಕೆಂಪು ಅಂಕಿ ನಡುಗಿ ನಿಲ್ಲುತ್ತದೆ,
ಚೀಟಿ ಹರಿದು ಕೊಡುತ್ತೇನೆ.
ಮೊದಲು ಖಾಲಿ, ಆಮೇಲೆ ತುಂಬಿದ್ದು,
ಕಳೆದರೆ ಉಳಿಯುವುದೇ ಮಾಲು.
ಹದಿನಾಲ್ಕು ವರ್ಷದಿಂದ ಮಾಡುವ ಈ ಲೆಕ್ಕವನ್ನು
ಯಾರಾದರೂ ಹಾಡಿನಲ್ಲಿ ಇಟ್ಟಾರೆಂದು
ಮೂರನೇ ಹಾಡು ಬರುವ ತನಕ ಅಂದುಕೊಂಡಿರಲಿಲ್ಲ.

‘ಎಲ್ಲ ಇಳಿಸಿದ ಮೇಲೂ ಅಷ್ಟೇ ತೂಕ,
ಯಾವ ಗೋದಾಮಿನಲ್ಲಿ ಮರೆತೆನೋ ನನ್ನ ಖಾಲಿಯನ್ನು’

ಗುಲಾಬಿಯ ಕಾಲದಲ್ಲಿ ಮೆಟ್ಟಿಲು ಹಾರಿ ಹತ್ತುತ್ತಿದ್ದ ಗಂಟಲು
ಇಲ್ಲಿ ಕಂಬಿ ಹಿಡಿದು ಹತ್ತುತ್ತದೆ,
ಒಂದೊಂದು ಮೆಟ್ಟಿಲೂ ಕೇಳಿಸುತ್ತದೆ.
ಷಫೀವುಲ್ಲಾ ಡ್ರಮ್ಮು ಬಾರಿಸಿದ್ದಾನೋ
ಪಕ್ಕದ ಕೋಣೆಯಲ್ಲಿ ಮಗು ಮಲಗಿದೆಯೆಂದು
ಬೆರಳಲ್ಲಿ ಬಾಗಿಲು ತಟ್ಟಿದ್ದಾನೋ.
ಐದನೆಯದು ಹೆಂಡತಿಯ ಕನ್ನಡಕದ ಬಗ್ಗೆ, ಒಂದೇ ಗಿಟಾರು.
ಮುಗಿಯುವಾಗ ಹೊರಗೆ ಯಾರೋ ಸ್ಕೂಟರ್ ಒದೆಯುತ್ತಾರೆ,
ಅದನ್ನು ಅಳಿಸಿಲ್ಲ.
ಎಂಟನೆಯದರಲ್ಲಿ ಹೊಳೆಯ ಹೆಸರೇ ಇಲ್ಲ,
ಆದರೂ ಆ ತಾಳ, ತುಂಗೆಯ ಹಳೇ ಸೇತುವೆಯ ಮೇಲೆ
ಗಾಳಿ ಹೋದ ಸೈಕಲ್ ತಳ್ಳಿಕೊಂಡು ನಡೆದವರ ತಾಳ.

ಆರನೆಯದು ಕೆಟ್ಟದ್ದು.
ಮೊಬೈಲಿನ ಮೇಲೆ ಹಾಸ್ಯ, ಮದುವೆಮನೆ ಕೀಬೋರ್ಡು.
ದಾಟಿಸುತ್ತೇನೆ.

ಇನ್ನೊಂದು ಪ್ರತಿಯನ್ನು ಡ್ರೈವರ್ ಮುರುಗೇಶಣ್ಣನಿಗೆ ಕೊಟ್ಟೆ.
ತರೀಕೆರೆ ದಾಟಿ ಹೋದವರು ನಾಲ್ಕನೇ ದಿನಕ್ಕೆ ತಂದುಕೊಟ್ಟರು:
‘ನಿದ್ದೆ ಬರದಿರಲಿ ಅಂತ ಹಾಕಿದ್ದು ಮಾರಾಯ್ತಿ,
ಬರೀ ಯೋಚನೆ ಬರುತ್ತೆ.’

ಹೋದ ಮಾಘದಲ್ಲಿ, ನಾಗವೇಣಿಯ ತಮ್ಮನ ಮದುವೆ,
ವಿನೋಬನಗರದ ಛತ್ರ.
ಕೈತೊಳೆಯುವ ನಲ್ಲಿಯ ಹತ್ತಿರ
ಪ್ಲಾಸ್ಟಿಕ್ ಕುರ್ಚಿಯಲ್ಲಿ ರಾಯರು, ಒಬ್ಬರೇ.
‘ಖಾಲಿ ಲಾರಿ’ ಅಂದೆ.
‘ಆ ಚಪ್ಪಲಿ ಕಳೆದುಹೋಯಿತಮ್ಮ, ದೇವಸ್ಥಾನದಲ್ಲಿ,’ ಅಂದರು.
ನಾನು ಸುಮ್ಮನಿರಲಾರದೆ ಮೂರನೆಯದರ ಚರಣ ಹೇಳಿದೆ,
‘ಅಲೆದು ಅಲೆದು ಬಂದೆ ನಿನ್ನ ಬಾಗಿಲಿಗೆ’ ಎಂದು,
ಹನ್ನೊಂದು ವರ್ಷದಿಂದ ನನ್ನೊಳಗೆ ಇರುವ ಹಾಗೆಯೇ.

ರಾಯರು ತಡೆದರು.
‘ಅಲೆದು ಅಲ್ಲ. ಅಳೆದು.’
ಬಾಯಿ ತೆರೆದು, ನಾಲಿಗೆ ಮೇಲಕ್ಕೆ ಮಡಚಿ ತೋರಿಸಿದರು,
ಒಂದನೇ ಕ್ಲಾಸಿನ ಮೇಷ್ಟ್ರ ಹಾಗೆ. ಅಳೆದು. ಅಳೆದು.
ಪಾಯಸದ ಬಕೀಟು ಹಿಡಿದ ಹುಡುಗ ನಿಂತು ನೋಡಿದ.
‘ಅಲೆದದ್ದೂ ನಿಜವಿರಬಹುದಲ್ಲ ಸಾರ್?’ ಅಂದೆ.
‘ಇರಬಹುದು. ನಾನು ಬರೆದದ್ದು ಅಳೆದು.’

ಅಷ್ಟರಲ್ಲಿ ಕೀಬೋರ್ಡು ಗುಲಾಬಿ ಹಿಡಿಯಿತು,
ಯಾರೋ ಅವರ ತೋಳು ಹಿಡಿದು ವೇದಿಕೆಗೆ ಎಳೆದರು.
ಹೋದರು. ಚೆನ್ನಾಗಿಯೇ ಹಾಡಿದರು.

ಆ ರಾತ್ರಿ ತೂಕದ ಮನೆಯಲ್ಲಿ
ಮೂರನೆಯದನ್ನೇ ಮೂರು ಸಲ ಹಾಕಿ ಕೇಳಿದೆ.
ಸರಿಯಾಗಿ ಆ ಅಕ್ಷರದ ಮೇಲೆಯೇ
ಷಫೀವುಲ್ಲಾನ ತಾಳದ ತಟ್ಟೆ ಬೀಳುತ್ತದೆ,
ಲಕಾರವೋ ಳಕಾರವೋ ದೇವರಿಗೇ ಗೊತ್ತು.
ಅಳೆದು ಅಂತಲೇ ಇರಬೇಕು.
ಅಳೆಯುವುದೇ ಕೆಲಸವಾದ ನನಗೆ
ಕೇಳಿಸದೆ ಹೋಯಿತು, ನೋಡಿ.

ಹೊರಗೆ ಹಾರನ್ನು.
ಟೇಪು ನಿಲ್ಲಿಸದೆ ಕಿಟಕಿಯಿಂದ ತಲೆ ಹಾಕಿ ಕೂಗಿದೆ:
ಖಾಲಿಯೋ, ತುಂಬಿದ್ದೋ?